ನಾಲಿಗೆಯ ಕಣ್ಣಾಮುಚ್ಚಾಲೆ

ಮಕ್ಕಳ ಲೋಕದಲ್ಲಿ ತಟ್ಟೆಯ ಅಂಚೆಂಬುದು ಗಡೀಪಾರಾದವರ ಊರು. ಬೆಳಗೋಡಿನ ಸಮೀಪದ ನಮ್ಮ ಶಾಲೆಗೆ ಮಧ್ಯಾಹ್ನದ ಊಟದ ಹೊತ್ತಿಗೆ ಬಂದು ಜಗಲಿಯಲ್ಲಿ ಒಂದು ಸುತ್ತು ಹಾಕಿದರೆ ನಿಮಗೂ ಅದು ಕಂಡೀತು: ಸಾರಿನೊಳಗಿನ ಸೊಪ್ಪು, ಕರಿಬೇವು, ಬೀನ್ಸಿನ ತುಂಡು ಎಲ್ಲವೂ ಪುಟ್ಟ ಬೆರಳುಗಳ ವಿಚಾರಣೆ ಮುಗಿಸಿಕೊಂಡು, ಹಸಿರು ಬಣ್ಣ ಹೊತ್ತದ್ದೇ ಅಪರಾಧವೆಂಬಂತೆ ಅಂಚು ಸೇರಿ ಕೂತಿರುತ್ತವೆ.

ಈ ನ್ಯಾಯಾಲಯದ ಅತ್ಯಂತ ನಿಷ್ಠುರ ನ್ಯಾಯಾಧೀಶೆ ಆರನೇ ತರಗತಿಯ ಸಿಂಚನಾ. ತಾಯಿ ರತ್ನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಯದೇ ಕೂಲಿಯವರ ಲೈನುಮನೆಯಲ್ಲಿ ತಾಯಿ ಮಗಳ ವಾಸ. ಖೋ ಖೋ ಆಡುವಾಗ ಕಂಬ ಬಳಸಿ ತಿರುಗುವ ಅವಳ ಚುರುಕನ್ನು ನೋಡಲೆಂದೇ ದಾರಿಹೋಕರು ಬೇಲಿಯ ಬಳಿ ನಿಲ್ಲುತ್ತಿದ್ದರು. ಅಂಥವಳು ಒಂದು ದಿನ ಆಟದ ನಡುವೆಯೇ ಕಣ್ಣು ಕತ್ತಲಿಟ್ಟು ಕುಸಿದಳು. ಪರೀಕ್ಷಿಸಿದ ವೈದ್ಯರು ರಕ್ತ ಬಹಳ ಕಮ್ಮಿಯಿದೆ ಎಂದರು. ಮಾತ್ರೆ ಕೊಟ್ಟು, ಸೊಪ್ಪು, ಕಾಳು, ಮೊಟ್ಟೆ ಹೊಟ್ಟೆಗೆ ಹೋಗಲೇಬೇಕೆಂದರು. ರಕ್ತ ಏರುವ ತನಕ ಓಡುವ ಹಾಗಿಲ್ಲ ಎಂದು ನಾನು ತಿಳಿಸಿದಾಗ ಅವಳು ಅಳಲಿಲ್ಲ. ಮೈದಾನದ ಕಟ್ಟೆಯ ಮೇಲೆ ಕೂತು, ಉಳಿದವರ ಆಟ ನೋಡುತ್ತಾ ಉಗುರು ಕಚ್ಚಿದಳು. ಆದರೆ ತಟ್ಟೆಯ ಮುಂದೆ ಮಾತ್ರ ಅದೇ ತೀರ್ಪು: "ವಾಸನೆ, ಮಿಸ್."

ಪಾಠದ ಕೊರತೆ ಇರಲಿಲ್ಲ. ಯಾವ ಸೊಪ್ಪಿನಲ್ಲಿ ಏನು ಸತ್ವ ಎಂಬುದನ್ನು ನಾನು ಗೋಡೆಯ ಮೇಲೆ ಬಣ್ಣಬಣ್ಣದಲ್ಲಿ ಬರೆಸಿದ್ದೆ, ಮಕ್ಕಳು ರಾಗವಾಗಿ ಒಪ್ಪಿಸುತ್ತಿದ್ದರು, ಒಪ್ಪಿಸಿದ ಬಾಯಿ ಆರುವ ಮೊದಲೇ ಅದೇ ಸೊಪ್ಪನ್ನು ಅಂಚಿಗೆ ತಳ್ಳುತ್ತಿದ್ದರು. ಕಿವಿಯಿಂದ ಒಳಹೊಕ್ಕ ವಿದ್ಯೆಗೂ ಬಾಯಿಂದ ಒಳಹೋಗಬೇಕಾದ ತುತ್ತಿಗೂ ನಡುವೆ ರಸ್ತೆಯೇ ಇಲ್ಲವೆಂದು ನನಗೆ ಅನ್ನಿಸತೊಡಗಿತು.

ಮೈದಾನ ಕೆಸರಾಗಿದ್ದ ಒಂದು ಮಧ್ಯಾಹ್ನ, ಒಳಗೇ ಕೂತು ಬೇಸತ್ತ ಮಕ್ಕಳನ್ನು ಸುಧಾರಿಸಲು ನನ್ನ ಬುತ್ತಿಯ ಪಲ್ಯವನ್ನೇ ಮುಂದಿಟ್ಟುಕೊಂಡು ಒಂದು ಆಟ ಹೂಡಿದೆ. ಕಣ್ಣಿಗೆ ಬಟ್ಟೆ ಕಟ್ಟುವುದು, ನಾಲಿಗೆಯ ಮೇಲೆ ಚಿಟಿಕೆಯಷ್ಟು ಇಡುವುದು, ಏನೆಂದು ಹೇಳುವುದು. ಬೇಡವಾದರೆ ಉಗಿಯಬಹುದು, ಯಾರೂ ಬೈಯುವ ಹಾಗಿಲ್ಲ. ಸರಿಯಾಗಿ ಹೇಳಿದವರು ಮಾರನೇ ದಿನ ಮನೆಯಿಂದ ಏನಾದರೂ ತಂದು ಬೇರೆಯವರನ್ನು ಪರೀಕ್ಷಿಸಬಹುದು. ಒಬ್ಬರು ಪಾಲಕ್ ಎಂದರು, ಇನ್ನೊಬ್ಬರು ಮೆಂತ್ಯ ಎಂದರು, ನಗುವೋ ನಗು. ಸಿಂಚನಾಳ ಸರದಿ ಬಂತು. ಬಾಯಿ ತೆರೆಯುವ ಮುನ್ನ ಅವಳು ಮೂಸಿದಳು. ಆಮೇಲೆ ನಾಲಿಗೆಯ ತುದಿಗಷ್ಟೇ ತಾಗಿಸಿಕೊಂಡಳು.

"ನುಗ್ಗೆಸೊಪ್ಪು. ಬೆಳ್ಳುಳ್ಳಿ ಐತೆ. ಕಾಯಿ ಮಾತ್ರ ನಿನ್ನೇದು, ಮಿಸ್."

ಹೌದು, ಹಿಂದಿನ ದಿನ ಒಡೆದ ಕಾಯಿಯ ಉಳಿದ ಹೋಳನ್ನೇ ನಾನು ಬೆಳಿಗ್ಗೆ ತುರಿದಿದ್ದೆ.

ಗೆಳೆಯರೇ, ನಾವೆಲ್ಲ ಅವಳನ್ನು ಊಟದ ವಿಷಯದಲ್ಲಿ ಹಟಮಾರಿ ಎಂದುಕೊಂಡಿದ್ದೆವು. ಆದರೆ ಸೂಕ್ಷ್ಮವಾದ ಕಿವಿಯುಳ್ಳವರಿಗೆ ಸಂತೆಯ ಗದ್ದಲ ಹೇಗೋ ಆ ಹುಡುಗಿಗೆ ದೊಡ್ಡ ಪಾತ್ರೆಯ ಸಾರು ಹಾಗಿತ್ತು. ಹತ್ತು ವಾಸನೆಗಳು ಒಟ್ಟಿಗೇ ಕೂಗುತ್ತಿದ್ದವು. ರುಚಿ ಅರಿಯದವಳಲ್ಲ ಅವಳು, ರುಚಿ ಅತಿಯಾಗಿ ಅರಿತವಳು. ಬೇಡ ಎನ್ನಲು ಬಳಸುತ್ತಿದ್ದ ಮೂಗಿಗೆ ಆಟವು ಬೇರೊಂದು ಉದ್ಯೋಗ ಕೊಟ್ಟಿತು, ಅಷ್ಟೆ.

ಅಂದಿನಿಂದ ಯಾರು ಏನು ತಂದರೂ ರುಚಿ ನೋಡಿ ತೀರ್ಪು ಹೇಳುವವಳು ಅವಳೇ. ಹೊನಗೊನೆಯೋ ಹರಿವೆಯೋ ಎಂಬ ಅನುಮಾನ ಬಂದರೆ ಇನ್ನೊಂದು ಚಿಟಿಕೆ ಬೇಕಾಗುತ್ತಿತ್ತು; ಆ ಇನ್ನೊಂದು ಚಿಟಿಕೆಯಲ್ಲಿ ಉಗಿಯುವುದೇ ಮರೆತುಹೋಗುತ್ತಿತ್ತು. ಮೊಟ್ಟೆಗೆ ಮೆಣಸಿನ ಪುಡಿ ಉದುರಿಸಿದರೆ ಅದರ ವಾಸನೆ ಅಡಗುತ್ತದೆಂದು ತಾನೇ ಕಂಡುಕೊಂಡಳು. ಪವಾಡವೇನೂ ನಡೆಯಲಿಲ್ಲ. ಮಾತ್ರೆಯನ್ನೂ ನುಂಗಬೇಕಾಯಿತು, ಹಾಗಲಕಾಯಿ ಈಗಲೂ ಅಂಚಿನಲ್ಲೇ ಇದೆ. ಆದರೆ ಕಾಫಿ ಹಣ್ಣಾಗುವ ಹೊತ್ತಿಗೆ ಮತ್ತೆ ಪರೀಕ್ಷಿಸಿದ ವೈದ್ಯರು ಆಡಲಿ ಎಂದರು. ಹೋಬಳಿ ಪಂದ್ಯದಲ್ಲಿ ನಮ್ಮ ತಂಡ ಸೋತಿತು. ಅವಳು ಕೊನೆಯವರೆಗೂ ಓಡಿದಳು.

ಪಂದ್ಯವಾದ ಕೆಲವು ದಿನಗಳಿಗೆ ರತ್ನ ಶಾಲೆಗೆ ಬಂದಳು. ಕೆಲಸಕ್ಕೆ ಹೊರಟವಳು, ಬಾಗಿಲಲ್ಲೇ ನಿಂತಳು.

"ಈ ಆಟ ಯಾಕಾದ್ರೂ ಹೇಳ್ಕೊಟ್ರೋ ಮಿಸ್. ಬೆಳಿಗ್ಗೆ ಹೊರಡೋ ಹೊತ್ತಲ್ಲೇ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಕೂರುಸ್ಬುಡ್ತಾಳೆ. ಏನೈತೆ ಹೇಳವ್ವ ಅಂತ ಒಂದೊಂದೇ ತುತ್ತು ಬಾಯಿಗಿಡ್ತಾಳೆ."

ತೊಂದರೆಯಾಯಿತೇನೋ ಎಂದು ನನಗೆ ಅಳುಕಾಯಿತು. "ಬೇಗ ಹೇಳಿ ಮುಗಿಸಿಬಿಡಿ ರತ್ನಾ. ನೀವೇ ಮಾಡಿದ ಅಡುಗೆಯಲ್ಲವೇ?" ಎಂದೆ.

"ಗೊತ್ತಾಗ್ತದೆ. ಬೇಕಂತ್ಲೇ ತಪ್ಪು ಹೇಳ್ತೀನಿ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ತಪ್ಪು ಹೇಳಿದ್ರೆ ಇನ್ನೊಂದು ತುತ್ತು ಕೊಡ್ತಾಳಲ್ಲ. ನಿಂತ್ಕೊಂಡೇ ಉಂಡು ಓಡೋಳು ನಾನು. ನನ್ನ ಕೂರ್ಸಿ ಉಣ್ಸೋರು ಯಾರಿದ್ರು ಮಿಸ್?"

ರಸ್ತೆಯಲ್ಲಿ ಎಸ್ಟೇಟಿನ ಜೀಪು ಹಾರನ್ ಮಾಡಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಹೋದಳು. ಆ ಗುಟ್ಟನ್ನು ನಾನು ಸಿಂಚನಾಳಿಗೆ ಇಂದಿಗೂ ಹೇಳಿಲ್ಲ.