ಎರಡು ಕಥೆಯ ಪ್ರಶ್ನೆಪತ್ರಿಕೆ

ಸುಂಕಪ್ಪ, ಗುಮಾಸ್ತರು, ಮಾನ್ವಿ

ರಾಯಚೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವರ ಹೆಸರು ಹೇಳುತ್ತ ಕುಳಿತರೆ ಒಂದು ಹೊತ್ತು ಸಾಲದು. ನಿರರ್ಗಳವಾಗಿ ಮಾತನಾಡಿದವರಿದ್ದರು, ಹೊಡೆದು ಕಲಿಸಿದವರಿದ್ದರು, ವ್ಯಾಕರಣದ ಸೂತ್ರಗಳನ್ನು ಹಾಡಿನಂತೆ ಹೇಳಿಸಿದವರೂ ಇದ್ದರು. ಆದರೆ ಮನೆಯಲ್ಲಿ ದಖ್ಖನಿಯನ್ನೋ ತೆಲುಗನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಅದರ ಮೇಲೆ ಇನ್ನೊಂದು ಹೊರೆಯಂತೆ ಇಂಗ್ಲಿಷನ್ನು ಹೊತ್ತು ಬರುವ ಮಗುವಿಗೆ ನಿಜವಾಗಿ ಎಷ್ಟು ತಿಳಿದಿದೆ, ತಿಳಿದಂತೆ ಕಾಣುವುದೆಷ್ಟು ಎಂಬುದನ್ನು ಬೇರೆ ಬೇರೆ ಮಾಡಿ ನೋಡುವುದಕ್ಕೆ ತಮ್ಮ ಮೂವತ್ತನಾಲ್ಕು ವರ್ಷದ ನೌಕರಿಯ ಬಹುಭಾಗವನ್ನೂ, ಕಣ್ಣಿನ ಬಹುಭಾಗವನ್ನೂ ಕಳೆದವರು ನನಗೆ ತಿಳಿದ ಮಟ್ಟಿಗೆ ಒಬ್ಬರೇ. ಅವರು ಈ ವರ್ಷ, ೧೯೮೮ರ ಮೇ ತಿಂಗಳಲ್ಲಿ, ರಾಯಚೂರು ನಗರದ ಶಾಲೆಯಿಂದ ನಿವೃತ್ತರಾದ ಶ್ರೀ ಜಹೀರುದ್ದೀನ್ ಸಾಹೇಬರು.

ಸಾಹೇಬರ ಈ ಅಭಿನಂದನ ಸಂಪುಟದಲ್ಲಿ ಪದವಿ ಪಡೆದವರು, ಹೆಡ್ಮಾಸ್ತರರು, ಸಾಹೇಬರ ಶಿಷ್ಯರಾಗಿ ದೊಡ್ಡ ಹುದ್ದೆ ಏರಿದವರು ಬರೆದಿದ್ದಾರೆ. ಅವರ ನಡುವೆ ನನ್ನಂಥವನಿಗೂ ನಾಲ್ಕು ಪುಟ ಬಿಟ್ಟುಕೊಟ್ಟ ಸಮಿತಿಯವರಿಗೆ ನಮಸ್ಕಾರ. ನಾನು ಏಳನೆಯ ತರಗತಿಯವರೆಗೆ ಶಾಲೆ ಕಂಡವನು. ಮಾನ್ವಿಯಲ್ಲಿ ಟೈಪ್ ಕಲಿತು, ನಮ್ಮ ಪ್ರೌಢಶಾಲೆಗೆ ತಾತ್ಪೂರ್ತಿಕ ಗುಮಾಸ್ತನಾಗಿ ಸೇರಿದೆ. ಇಂಗ್ಲಿಷ್ ನನ್ನ ಬೆರಳುಗಳಿಗೆ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಕಾಗದದಲ್ಲಿ ಏನಿದೆಯೋ ಅದನ್ನು ಒಂದು ಅಕ್ಷರ ತಪ್ಪದಂತೆ ಒತ್ತುತ್ತಿದ್ದೆ. ಏನಿದೆ ಎಂದು ಮಾತ್ರ ಕೇಳಬಾರದು.

ಸಾಹೇಬರು ಎಪ್ಪತ್ತೊಂದರಿಂದ ಮೂರು ವರ್ಷ ದೇವದುರ್ಗದಲ್ಲಿದ್ದು, ಎಪ್ಪತ್ತನಾಲ್ಕರಲ್ಲಿ ನಮ್ಮಲ್ಲಿಗೆ ವರ್ಗವಾಗಿ ಬಂದರು. ಬಂದ ದಿನ ಅವರ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಹಗ್ಗ ಕಟ್ಟಿದ ಉತ್ತರಪತ್ರಿಕೆಗಳ ಕಟ್ಟು. ಹಳೆಯ ಶಾಲೆಯ ಮಕ್ಕಳ ಪತ್ರಿಕೆ ನೋಡುವುದು ಮುಗಿದಿರಲಿಲ್ಲ, ಹೊಸ ಶಾಲೆಯದು ಆಗಲೇ ಕಾದಿತ್ತು. ಅಂದಿನಿಂದ ನಾನು ಅವರನ್ನು ಕಟ್ಟಿಲ್ಲದೆ ನೋಡಿದ್ದು ಕಡಿಮೆ. ಬಸ್ಸಿನಲ್ಲಿ, ಬಸ್ಸು ಕೆಟ್ಟು ನಿಂತ ಬೇವಿನ ಮರದ ಕೆಳಗೆ, ಮದುವೆಯ ಮನೆಯ ಮೂಲೆಯಲ್ಲಿ ಕೂಡ ಕೆಂಪು ಪೆನ್ನು ತೆಗೆಯುತ್ತಿದ್ದರು. ಅವರ ಮನೆಯವರಾದ ಅನ್ವರಿ ಬೇಗಂ ಅವರು ಚಹಾ ತಂದಿಡುವಾಗ ನಮಗೆಲ್ಲ ಕೇಳಿಸುವಂತೆ, "ನಮ್ಮ ಮನ್ಯಾಗ ಮಕ್ಕಳು ಮೂರು, ಬಂಡಲ್ಲು ಮೂವತ್ತು, ಇವರಿಗೆ ಹೆಸರು ಗೊತ್ತಿರೋದು ಬಂಡಲ್ಲಿನವರ್ದು" ಎನ್ನುತ್ತಿದ್ದರು. ಸಾಹೇಬರು ತಲೆ ಎತ್ತದೆ ನಗುತ್ತಿದ್ದರು.

ಅವರದೊಂದು ನೇಮವಿತ್ತು. ಯಾವ ಮಗುವೇ ಆಗಲಿ, ನಪಾಸಾಯಿತೆಂದು ಪಟ್ಟಿಗೆ ಏರುವ ಮುಂಚೆ ಅದರ ಪತ್ರಿಕೆಯನ್ನು ತಾವೇ ಇನ್ನೊಮ್ಮೆ, ಮೊದಲ ಸಾಲಿನಿಂದ, ಓದಬೇಕು. ಬೇರೆಯವರು ನೋಡಿದ ಪತ್ರಿಕೆಯಾದರೂ ಸರಿ. ಪಾಸಾದವರು ಹೇಗೂ ದಾರಿ ಹಿಡಿದು ಹೋಗುತ್ತಾರೆ, ಬಾಗಿಲು ಹಾಕುವುದಾದರೆ ಯಾರ ಮುಖಕ್ಕೆ ಹಾಕುತ್ತಿದ್ದೇವೆ ಎಂದಾದರೂ ನೋಡಬೇಡವೇ ಎಂಬುದು ಅವರ ವಾದ. ಇದರಿಂದ ಅವರಿಗೆ ಬಂದದ್ದು ಕನ್ನಡಕವೇ ಹೊರತು ಬಿರುದಲ್ಲ.

ಈಗ ಎಪ್ಪತ್ತೆಂಟರ ನವೆಂಬರಿನ ಮಾತಿಗೆ ಬರುತ್ತೇನೆ. ಬರೆಯಲೆಂದು ಕುಳಿತದ್ದೇ ಇದಕ್ಕಾಗಿ.

ಆ ಕಾಲಕ್ಕೆ ಹತ್ತನೆಯ ತರಗತಿಯವರ ಅರ್ಜಿಯನ್ನು ಪಬ್ಲಿಕ್ ಪರೀಕ್ಷೆಗೆ ಕಳಿಸುವ ಮುಂಚೆ ಸುತ್ತಿನ ಏಳು ಶಾಲೆಗಳು ಕೂಡಿ ಒಂದು ಆಯ್ಕೆ ಪರೀಕ್ಷೆ ಮಾಡುತ್ತಿದ್ದವು. ಅದರಲ್ಲಿ ಬಿದ್ದವರ ಅರ್ಜಿ ಹೋಗುತ್ತಿರಲಿಲ್ಲ. ಶಾಲೆಯ ಫಲಿತಾಂಶ ಕೆಡಬಾರದಲ್ಲ. ಇಂಗ್ಲಿಷ್ ಪತ್ರಿಕೆ ತಯಾರಿಸುವುದು ಸಾಹೇಬರ ಪಾಲಿಗೆ ಬಂದಿತ್ತು. ನಿಯಮದಂತೆ ಎರಡು ಪತ್ರಿಕೆ ಬರೆದುಕೊಟ್ಟರು, ಒಂದು ಪರೀಕ್ಷೆಗೆ, ಇನ್ನೊಂದು ಆಪತ್ತಿಗೆ. ನಾನು ಎರಡನ್ನೂ ಮೇಣದ ಹಾಳೆಯ ಮೇಲೆ ಟೈಪಿನಲ್ಲಿ ಕೊರೆದು, ಮೊದಲನೆಯದನ್ನು ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕಿ ತಿರುಗಿಸಬೇಕು. ಓದಿ ಉತ್ತರಿಸುವ ಗದ್ಯಭಾಗಕ್ಕೆ ಇಪ್ಪತ್ತು ಅಂಕ. ಮೊದಲ ಪತ್ರಿಕೆಯ ಗದ್ಯದಲ್ಲಿ ಟಪಾಲಿನವನೊಬ್ಬ ಕಾಗದ ಹೊತ್ತು ಗುಡ್ಡದ ಮೇಲಿನ ಮುದುಕಿಯ ಮನೆಗೆ ಹೊರಡುತ್ತಾನೆ. ಎರಡನೆಯದರಲ್ಲಿ ವ್ಯಾಪಾರಿಯೊಬ್ಬ ತನ್ನ ಒಂಟೆಯನ್ನು ಮಾರಿ ಮರುಗುತ್ತಾನೆ. ಎರಡೂ ಗದ್ಯ ಮೊದಲ ಹಾಳೆಯ ಕೊನೆಗೆ ತುಂಡಾಗಿ, ಉಳಿದರ್ಧವೂ ಪ್ರಶ್ನೆಗಳೂ ಮುಂದಿನ ಹಾಳೆಗೆ ಹೋಗಿದ್ದವು. ನಾನು ಟಪಾಲಿನವನ ಮೊದಲ ಹಾಳೆಗೆ ಒಂಟೆಯ ಎರಡನೆಯ ಹಾಳೆ ಕೂಡಿಸಿದೆ. ಮೊದಲ ಪ್ರತಿ ತೆಗೆದು ಸಾಹೇಬರ ಮುಂದೆ ಇಟ್ಟೆ. ಅವರು ಅಂದು ಕೆಲಸದ ಮೇಲೆ ದೇವದುರ್ಗಕ್ಕೆ ಹೋಗಿ, ಮಧ್ಯಾಹ್ನ ಬಸ್ಸಿನಲ್ಲಿ ನಿಂತೇ ಬಂದಿದ್ದರು. ಮೊದಲ ಹಾಳೆ ಓದಿದರು, ಎರಡನೆಯದಕ್ಕೆ ಸಹಿ ಹಾಕಿದರು.

ನಾಲ್ಕುನೂರ ಹನ್ನೆರಡು ಮಕ್ಕಳು ಆ ಪತ್ರಿಕೆ ಬರೆದರು. ಏಳು ಶಾಲೆಗಳ ಮಾಸ್ತರರು ಅದನ್ನು ನೋಡಿ ಅಂಕ ಹಾಕಿದರು. ಯಾರೂ ಏನೂ ಅನ್ನಲಿಲ್ಲ. ವ್ಯಾಪಾರಿ ಒಂಟೆಯನ್ನು ಏಕೆ ಮಾರಿದ ಎಂಬ ಪ್ರಶ್ನೆಗೆ ಉತ್ತರ ಆ ಗದ್ಯದಲ್ಲಿ ಇರಲೇ ಇಲ್ಲ, ಅದು ಒಂಟೆಯ ಮೊದಲ ಹಾಳೆಯ ಜೊತೆ ಬೀರುವಿನಲ್ಲಿತ್ತು. ಆದರೂ ಮಕ್ಕಳು 'ಏಕೆಂದರೆ' ಎಂಬರ್ಥದ ಮಾತು ಎಲ್ಲಿದೆ ಎಂದು ಹುಡುಕಿ, ಆ ಸಾಲನ್ನು ಎತ್ತಿ, ಮುದುಕಿಗೆ ಮಗನಿಂದ ಬಹಳ ದಿನ ಕಾಗದ ಬಂದಿರಲಿಲ್ಲವಾದ್ದರಿಂದ ವ್ಯಾಪಾರಿ ಒಂಟೆಯನ್ನು ಮಾರಿದನು ಎಂದು ಚೊಕ್ಕ ಇಂಗ್ಲಿಷಿನಲ್ಲಿ ಬರೆದಿದ್ದರು. ವ್ಯಾಕರಣದಲ್ಲಿ ತಪ್ಪಿಲ್ಲ. ದೊಡ್ಡಕ್ಷರದಿಂದ ಶುರು, ಚುಕ್ಕೆಯಿಂದ ಮುಕ್ತಾಯ. ಪೂರ್ತಿ ಅಂಕ.

ನಪಾಸಿನ ಕಟ್ಟಿನಲ್ಲಿ ನಮ್ಮ ಶಾಲೆಯ ಗೋಪಮ್ಮನ ಪತ್ರಿಕೆಯಿತ್ತು. ಉಳಿದ ಎಂಬತ್ತರಲ್ಲಿ ಇಪ್ಪತ್ತೆಂಟು ಬಂದಿತ್ತು, ಗದ್ಯಕ್ಕೆ ಸೊನ್ನೆ. ಇನ್ನೇಳು ಬಂದಿದ್ದರೆ ಪಾಸು. ಉತ್ತರ ಬರೆಯುವ ಜಾಗದಲ್ಲಿ ಅವಳು ಕನ್ನಡದಲ್ಲಿ ಹೀಗೆ ಬರೆದಿದ್ದಳು: "ಸರ್, ಇದರಲ್ಲಿ ಎರಡು ಕಥೆ ಇವೆ. ಟಪಾಲಿನವನು ಮುದುಕಿಯ ಮನೆ ಮುಟ್ಟಲಿಲ್ಲ. ಒಂಟೆ ಎಲ್ಲಿಂದ ಬಂತು ತಿಳಿಯಲಿಲ್ಲ. ಯಾವುದಕ್ಕೆ ಉತ್ತರ ಬರೆಯಲಿ?" ನೋಡಿದ ಮಾಸ್ತರರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಇಂಗ್ಲಿಷಿನಲ್ಲಿ ಬರೆಯತಕ್ಕದ್ದು' ಎಂದು ಬರೆದು ಸೊನ್ನೆ ಸುತ್ತಿದ್ದರು.

ಸಾಹೇಬರು ಆ ಪತ್ರಿಕೆಯನ್ನೂ ಪ್ರಶ್ನೆಯ ಎರಡು ಹಾಳೆಗಳನ್ನೂ ಹಿಡಿದು ನನ್ನ ಮೇಜಿನ ಬಳಿ ಬಂದರು. ಎರಡೂ ಹಾಳೆಯನ್ನು ನನ್ನ ಮುಂದೆ ಅಕ್ಕಪಕ್ಕ ಇಟ್ಟರು.

"ಸುಂಕಪ್ಪ, ಇದನ್ನ ಕೊರೆಯುವಾಗ ಏನಂತ ತಿಳಕೊಂಡಿ?"

"ಅಕ್ಷರ ಅಂತ ತಿಳಕೊಂಡೆ ರೀ."

ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ನಾನೂ ಹಂಗ ತಿಳಕೊಂಡು ಸಹಿ ಮಾಡೀನಿ ನೋಡು."

ನನ್ನ ನೌಕರಿ ಹೋಯಿತೆಂದೇ ನಾನು ತಿಳಿದೆ. ಅವರಿಗೆ ನನ್ನ ಚಿಂತೆ ಇರಲಿಲ್ಲ. ಅರ್ಜಿ ಕಳಿಸಲು ಹದಿನೆಂಟು ದಿನ ಉಳಿದಿವೆ ಎಂದಷ್ಟೇ ಹೇಳಿದರು.

ಮರುದಿನವೇ ಗೋಪಮ್ಮನ ತಾಯಿ ಬಸ್ಸಮ್ಮ ಶಾಲೆಗೆ ಬಂದಳು. ಕೂಲಿಗೆ ಹೋಗುವ ಹೆಣ್ಣುಮಗಳು. ಸೆರಗಿಗೆ ಹತ್ತಿಯ ಎಳೆಗಳು ಅಂಟಿದ್ದವು. ಬೈಯಲು ಬಂದಿರಲಿಲ್ಲ, ಅಳಲೂ ಇಲ್ಲ. ಯರಗೇರಾದಲ್ಲಿ ಒಬ್ಬ ವರ ನೋಡಿದ್ದಾರೆ, ಪರೀಕ್ಷೆಗೆ ಕೂಡುವುದಾದರೆ ಬೇಸಿಗೆ ಕಳೆಯುವವರೆಗೆ ಆ ಮಾತನ್ನು ತಡೆದು ಹಿಡಿಯುತ್ತೇನೆ, ಇಲ್ಲವೆಂದರೆ ತಡೆಯಲು ನನಗೆ ಬಾಯಿಲ್ಲ ಎಂದಳು. ಆಮೇಲೆ ಸಾಹೇಬರ ಮುಖ ನೋಡಿ, "ಆಗಂಗಿಲ್ಲಂದ್ರ ಈಗ ಹೇಳಿಬಿಡ್ರಿ ಯಪ್ಪಾ. ಹತ್ತಿ ಬಿಡಸಾಕ ಆಳು ಕಮ್ಮಿ ಅದಾರ, ನಾಳಿಂದನ ಕರಕೊಂಡು ಹೊಕ್ಕೀನಿ" ಎಂದಳು.

ಸಾಹೇಬರು, "ಹದಿನೆಂಟು ದಿನ ಕೊಡವ್ವ" ಎಂದರು.

ರಾಯಚೂರಿನಲ್ಲಿ ಏಳು ಶಾಲೆಗಳ ಸಮಿತಿ ಕೂಡಿತು. ಕಾಗದಪತ್ರ ಹೊರಲು ನಾನೂ ಹೋಗಿದ್ದೆ, ಬಾಗಿಲ ಬಳಿ ಕುಳಿತಿದ್ದೆ. ಸಾಹೇಬರು ನಡೆದದ್ದನ್ನು ನಡೆದಂತೆ ಹೇಳಿ, ಗದ್ಯಭಾಗದ ಪರೀಕ್ಷೆಯನ್ನು ಎಲ್ಲರಿಗೂ ಮತ್ತೆ ಮಾಡಬೇಕೆಂದರು. ಯಾರಿಗೂ ಸಿಟ್ಟು ಬರುವಷ್ಟು ತ್ರಾಣವಿರಲಿಲ್ಲ. ಒಬ್ಬರಿಗೆ ಶಾಲೆಗೆ ಬಾರದ ಮಕ್ಕಳ ಗಣತಿ, ಒಬ್ಬರಿಗೆ ಚುನಾವಣೆಯ ಪಟ್ಟಿ, ಒಬ್ಬರಿಗೆ ಎರಡು ಶಾಲೆಯ ಪಾಠ. ಮತ್ತೆ ನಾಲ್ಕುನೂರು ಪತ್ರಿಕೆ ಯಾರು ನೋಡುತ್ತಾರೆ ಎಂದು ಎಲ್ಲರೂ ಚಾವಣಿ ನೋಡಿದರು. ಅಧ್ಯಕ್ಷರು ಮೆತ್ತಗೆ ಮಾತನಾಡುವವರು.

"ಒಬ್ಬ ಹುಡುಗಿ ಸಲುವಾಗಿ ನಾಕುನೂರು ಮಂದಿ ಮಾರ್ಕು ಕೆಡಸ್ತೀರೇನ್ರಿ, ಜಹೀರುದ್ದೀನ್?"

"ನಾ ಕೆಡಸಾಕತ್ತಿಲ್ರಿ. ಕೆಟ್ಟಾವ. ಹೇಳಾಕತ್ತೀನಿ, ಅಷ್ಟ."

"ಏಳು ಮಾರ್ಕಿನ ಮಾತು. ಹಾಕಿ ಮುಗಿಸ್ರಿ ಅತ್ಲಾಗ. ಯಾರು ಕೇಳ್ತಾರ?"

ಸಾಹೇಬರು ಗೋಪಮ್ಮನ ಹಾಳೆಯನ್ನು ಅವರ ಮುಂದೆ ಸರಿಸಿದರು. "ಈಕಿ ಕೇಳ್ಯಾಳಲ್ರಿ. ಯಾವ್ದಕ್ಕ ಉತ್ತರ ಬರೀಲಿ ಅಂತ. ಏಳು ಮಾರ್ಕು ಅದಕ್ಕ ಉತ್ತರ ಅಲ್ರಿ."

ಕೊನೆಗೆ ಸಮಿತಿ, ನಿಮ್ಮ ಕೈಲಾದರೆ ನೀವೇ ಮಾಡಿಕೊಳ್ಳಿ ಎಂದಿತು. ಸಾಹೇಬರು ಹೊಸ ಗದ್ಯ ಬರೆದರು, ನಾನು ಕೊರೆದೆ, ಈ ಸಲ ಇಬ್ಬರೂ ಎರಡೂ ಹಾಳೆ ಓದಿದೆವು. ಅವರು ಕಣ್ಣಿನಿಂದ, ನಾನು ಅವರು ಬೆರಳಿಟ್ಟು ಹೇಳಿಕೊಟ್ಟಂತೆ. ಮುಂದಿನ ಹತ್ತು ದಿನ ಕವಿತಾಳಕ್ಕೆ ಒಂದು ಬಸ್ಸು, ದೇವದುರ್ಗದ ದಾರಿಯಲ್ಲಿ ಒಂದು ಬಸ್ಸು, ನಡುವೆ ಎರಡು ಮೈಲಿ ಕಾಲ್ನಡಿಗೆ. ಪ್ರತಿ ಶಾಲೆಯಲ್ಲೂ ಒಂದೇ ಮಾತು: ಇಂಗ್ಲಿಷಿನಲ್ಲಿ ಓದಿರಿ, ಏನು ತಿಳಿಯಿತೆಂದು ನಿಮ್ಮ ಮಾತಿನಲ್ಲಿ ಬರೆಯಿರಿ, ಆಮೇಲೆ ಕೊನೆಯ ಎರಡು ಪ್ರಶ್ನೆಗೆ ಮಾತ್ರ ಇಂಗ್ಲಿಷಿನಲ್ಲಿ ಉತ್ತರಿಸಿರಿ. ತಿಳಿದದ್ದಕ್ಕೆ ಒಂದು ಅಂಕಣ, ವ್ಯಾಕರಣಕ್ಕೆ ಇನ್ನೊಂದು. ಎರಡನ್ನೂ ಒಂದೇ ಕಡೆ ಕಲಸಿಬಿಟ್ಟರೆ ಯಾವುದು ಇಲ್ಲವೆಂದು ಗೊತ್ತಾಗುವುದಿಲ್ಲ ಎನ್ನುತ್ತಿದ್ದರು.

ಫಲಿತಾಂಶ ಬಂದಾಗ ಸಾಹೇಬರು ಬಹಳ ಸೋತಂತೆ ಕಂಡರು. ಮೊದಲ ಸಲ ಹದಿನೈದು, ಹದಿನಾರು ತೆಗೆದವರು ಈಗ ನಾಲ್ಕಕ್ಕೆ, ಐದಕ್ಕೆ ಇಳಿದಿದ್ದರು. ಗೋಪಮ್ಮನಿಗೆ ತಿಳಿದದ್ದಕ್ಕೆ ಒಂಬತ್ತು, ವ್ಯಾಕರಣಕ್ಕೆ ನಾಲ್ಕು. ಸಮಿತಿ ಒಂದು ರಾಜಿ ಮಾಡಿತು: ಹಳೆಯ, ಹೊಸ ಎರಡು ಪರೀಕ್ಷೆಗಳಲ್ಲಿ ಯಾರಿಗೆ ಯಾವುದು ಹೆಚ್ಚೋ ಅದೇ ಅಂಕ. ಅಂದರೆ ಬಹುಪಾಲು ಮಕ್ಕಳು ತಲೆಬುಡವಿಲ್ಲದ ಗದ್ಯದ ಅಂಕವನ್ನೇ ಇಟ್ಟುಕೊಂಡು ಮುಂದೆ ಹೋದರು. ಇದು ಸರಿಯಲ್ಲವೆಂದು ಸಾಹೇಬರಿಗೆ ಗೊತ್ತಿತ್ತು. ಸಹಿ ಹಾಕುವಾಗ ನನ್ನ ಕಡೆ ತಿರುಗಿ, "ಇವರನ್ನ ಈಗ ಬೀಳಿಸಿ ಏನ್ ಮಾಡೂದು ಸುಂಕಪ್ಪ, ಕಲಿಸಿಲ್ಲದವರು ನಾವು. ಸಾಕಾತು, ನಡಿ" ಎಂದರು. ಗೋಪಮ್ಮನ ಅರ್ಜಿ ಹದಿನೇಳನೆಯ ದಿನ ಟಪಾಲಿಗೆ ಬಿತ್ತು.

ತಪ್ಪು ಯಾರದೆಂದು ಬರೆದುಕೊಡಿ ಎಂದು ಆಮೇಲೆ ಮೇಲಿನಿಂದ ಕಾಗದ ಬಂತು. ಸಾಹೇಬರು ಬರೆದುಕೊಟ್ಟ ಉತ್ತರವನ್ನು ಟೈಪ್ ಮಾಡಿದವನೂ ನಾನೇ. ಆ ಹೊತ್ತಿಗೆ ಅರ್ಥ ಹುಡುಕುವ ಚಟ ಹತ್ತಿತ್ತಾದ್ದರಿಂದ ಓದಿಕೊಂಡೇ ಒತ್ತಿದೆ. ಕರಡು ನೋಡುವ ಹೊಣೆ ನನ್ನದು, ನಾನು ನೋಡಲಿಲ್ಲ ಎಂದು ಎರಡೇ ಸಾಲು. ಹಾಳೆ ಕೂಡಿಸಿದವರ ಹೆಸರಿಲ್ಲ. ಆ ಎರಡು ಸಾಲು ಅವರ ಸೇವಾ ಪುಸ್ತಕದಲ್ಲಿ ಕುಳಿತವು. ಹೆಡ್ಮಾಸ್ತರರ ಹುದ್ದೆ ಎರಡು ಸಲ ಅವರ ಬಾಗಿಲವರೆಗೆ ಬಂದು ತಿರುಗಿಹೋಯಿತು. ಎಂಬತ್ತೊಂದರಲ್ಲಿ ರಾಯಚೂರಿಗೆ ಸಹಶಿಕ್ಷಕರಾಗಿ ಹೋದರು, ಸಹಶಿಕ್ಷಕರಾಗಿಯೇ ನಿವೃತ್ತರಾದರು. ಈ ಸಂಪುಟದ ಬೇರೆ ಲೇಖನಗಳಲ್ಲಿ ಅವರು ಬಡ್ತಿಯನ್ನು ಬಯಸಲಿಲ್ಲವೆಂದು ಬರೆದಿದೆ. ಬಯಸಿದ್ದರು. ಹಾಳೆ ಕೂಡಿಸಿದ ಕೈ ನನ್ನದು ಎಂಬುದು ಹತ್ತು ವರ್ಷವಾದರೂ ಎಲ್ಲಿಯೂ ಬರೆದಿಲ್ಲ, ಇಲ್ಲಿ ಬರೆದಿದ್ದೇನೆ.

ನನ್ನನ್ನು ಅವರು ಬೈಯಲಿಲ್ಲ. ಬದಲಿಗೆ ಮಾನ್ವಿಯಲ್ಲಿ ಇದ್ದಷ್ಟು ದಿನವೂ ಸಂಜೆ ಸೈಕಲ್ ಏರುವ ಮುಂಚೆ, ಇವತ್ತು ಏನು ಟೈಪ್ ಮಾಡಿದಿ, ಅದರಾಗ ಏನಿತ್ತು ಎಂದು ಕೇಳುತ್ತಿದ್ದರು. ಮೊದಮೊದಲು ಒಂದು ಸಾಲು ಹೇಳಲು ಬೆವರುತ್ತಿದ್ದೆ. ಮೂರನೆಯ ವರ್ಷ ಸರಕಾರಿ ಸುತ್ತೋಲೆಯೊಂದರಲ್ಲಿ ಅರ್ಥವೇ ಇಲ್ಲವೆಂದು ಹೇಳಿದೆ. ಅಂದು ಅವರು ಕನ್ನಡಕ ತೆಗೆದು ನಕ್ಕದ್ದು ನನಗೆ ಸಿಕ್ಕ ಒಂದೇ ಪ್ರಮಾಣಪತ್ರ.

ಗೋಪಮ್ಮ ಆ ವರ್ಷ ಪಬ್ಲಿಕ್ ಪರೀಕ್ಷೆಯಲ್ಲಿ ಇಂಗ್ಲಿಷಿಗೇ ಬಿದ್ದಳು. ಅಕ್ಟೋಬರಿನಲ್ಲಿ ಮತ್ತೆ ಕುಳಿತು ಪಾಸಾದಳು. ಯರಗೇರಾದ ವರ ಅಷ್ಟು ದಿನ ಕಾಯಲಿಲ್ಲ, ಒಳ್ಳೆಯದೇ ಆಯಿತು. ಈಗ ಕಲ್ಮಲದ ಶಾಲೆಯಲ್ಲಿ ಶಿಕ್ಷಕಿ. ಈ ಸಂಪುಟದ ಕರಡು ತಿದ್ದುವ ಕೆಲಸವನ್ನು ಸಮಿತಿ ಅವಳಿಗೆ ಒಪ್ಪಿಸಿದೆ. ನನ್ನ ಲೇಖನವನ್ನು ತಿದ್ದಿ ಕಳಿಸುವಾಗ ಅಂಚಿನಲ್ಲಿ ಒಂದು ಚೀಟಿ ಅಂಟಿಸಿದ್ದಳು: "ಅಣ್ಣಾ, ನಾನು ಧೈರ್ಯದಿಂದ ಬರೆದೆ ಅಂತ ಹಾಕೀರಿ, ಅದನ್ನ ತಗೀರಿ. ಎಲ್ಲರೂ ಬರ್ಯಾಕತ್ತಿದ್ರು, ನನಗೊಬ್ಬಾಕಿಗೇ ತಿಳೀಲಿಲ್ಲ ಅಂತ ಹೆದರಿ ಬರೆದಿದ್ದೆ. ತಿಳಿದಾಕಿ ನೀನೊಬ್ಬಾಕಿನ ಅಂತ ಸರ್ ಹೇಳಿದ ಮ್ಯಾಲೆ ಗೊತ್ತಾತು." ತೆಗೆದಿದ್ದೇನೆ.

ಸಾಹೇಬರು ಬೀಳ್ಕೊಡುಗೆಯ ದಿನ, ಇನ್ನು ಮೇಲೆ ಯಾವ ಕಾಗದವನ್ನೂ ಓದುವುದಿಲ್ಲವೆಂದು ಅನ್ವರಿ ಬೇಗಂ ಅವರಿಗೆ ಎಲ್ಲರೆದುರು ಮಾತು ಕೊಟ್ಟರು. ಹೋದ ವಾರ ಅವರ ಮನೆಗೆ ಹೋದಾಗ ಮಂಚದ ಕೆಳಗೆ ಕಲ್ಮಲದ ಮಕ್ಕಳ ಒಂದು ಕಟ್ಟು ಇತ್ತು. ಕೇಳಿದರೆ, ನಪಾಸಾದವರದಷ್ಟೇ ಎಂದರು. ಇಷ್ಟು ದಣಿದ ಮನುಷ್ಯರಿಗೆ ಇನ್ನೂ ದುಡಿಯಿರಿ ಎಂದು ಹಾರೈಸಲು ನನಗೆ ನಾಲಿಗೆ ಬರುವುದಿಲ್ಲ. ಕಟ್ಟು ಅವರ ಕೈಗೆ ಎಟಕುವಷ್ಟು ಹತ್ತಿರ ಇರಲಿ, ಕಣ್ಣು ಉಳಿಯಲಿ, ಬಹಳ ವರ್ಷ ಉಳಿಯಲಿ. ದಣಿವಾದ ದಿನ ಎರಡನೆಯ ಹಾಳೆಯನ್ನು ಓದದೆ ಪಕ್ಕಕ್ಕಿಟ್ಟು ಮಲಗಲಿ. ಅದನ್ನು ಓದಲು ಈಗ ಗೋಪಮ್ಮ ಇದ್ದಾಳೆ.