ಉದ್ದ ಅಗಲ ಕೊಟ್ಟಿಲ್ಲ

ಕೊಣನೂರಿನ ಹತ್ತಿರ ನಾಲೆ ಕೆಲಸಕ್ಕೆ ನಾನು ಓವರ್‌ಸಿಯರ್ ಆಗಿದ್ದಾಗ ಅಳತೆ ಹಿಡಿಯುವ ಜನ ಬೇಕಾಗಿತ್ತು. ಇದು ದೇಶ ಕಟ್ಟುವ ಕೆಲಸ ಅಂತ ಮೇಲಿನವರು ಭಾಷಣ ಮಾಡಿ ಹೋಗಿದ್ದರು. ಎಸ್ಸೆಸ್ಸೆಲ್ಸಿ ಪಾಸಾದವರು ಸಾಲಾಗಿ ಬಂದರು. ಅವರಲ್ಲೊಬ್ಬ ಲೆಕ್ಕದಲ್ಲಿ ಇಡೀ ತಾಲ್ಲೂಕಿಗೇ ಹೆಚ್ಚು ನಂಬರು ತೆಗೆದವನು. ಕೈಕಟ್ಟಿ ನಿಂತು, ಘನಫಲದ ಸೂತ್ರವನ್ನು ಒಂದೇ ಉಸಿರಿಗೆ ಒಪ್ಪಿಸಿದ.

ಕೂಲಿಯವರು ತೋಡಿದ್ದ ಗುಂಡಿ ತೋರಿಸಿ, ಕೈಗೆ ಟೇಪು ಕೊಟ್ಟು, "ಇದರಿಂದ ಎಷ್ಟು ಮಣ್ಣು ಎತ್ತಿದ್ದಾರೆ, ಹೇಳಪ್ಪ" ಅಂದೆ.

ಟೇಪು ಹಿಡಿದುಕೊಂಡೇ ಗುಂಡಿಯನ್ನು ಒಂದು ಸುತ್ತು ಬಂದ. ಆಮೇಲೆ, "ಉದ್ದ ಅಗಲ ಕೊಟ್ಟಿಲ್ವಲ್ಲ ಸಾ" ಅಂದ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ನೋಡಿದರೆ ಕಣ್ಣಲ್ಲಿ ನೀರು.

"ನಿಮ್ಮಪ್ಪ ಗೊಬ್ಬರದ ಗುಂಡಿ ತೆಗೆದರೆ ಹೇಗೆ ಅಳೀತಾರೆ?"

"ಮಾರು ಆಕ್ತಾರೆ ಸಾ." ಎರಡೂ ಕೈ ಅಗಲಕ್ಕೆ ಚಾಚಿ ತೋರಿಸಿದ. "ನಂಗೂ ಬತ್ತದೆ. ಆದ್ರೆ ಅದು ಲೆಕ್ಕ ಅಲ್ವಲ್ಲ. ಸ್ಕೂಲಲ್ಲಿ ಅಂಗೆ ಅಳೆದ್ರೆ ಮೇಷ್ಟ್ರು ಬಾರುಸೋರು."

ಉಳಿದವರೂ ಅವನಿಗಿಂತ ಮೇಲೇನಿರಲಿಲ್ಲ. ಎಲ್ಲರನ್ನೂ ವಾಪಸು ಕಳಿಸಿದೆ.

ಕೆಲವು ವರ್ಷದ ಮೇಲೆ ಹೊಳೆನರಸೀಪುರದ ಬಸ್ಸಿನಲ್ಲಿ ಅವನೇ ಎದ್ದು ನನಗೆ ಸೀಟು ಬಿಟ್ಟುಕೊಟ್ಟ. ಈಗ ಹಳೇಕೋಟೆ ಕಡೆ ಲೆಕ್ಕದ ಮೇಷ್ಟ್ರಂತೆ. "ನನ್ನ ಕ್ಲಾಸಲ್ಲಿ ಒಬ್ರೂ ಫೇಲಾಗಿಲ್ಲ ಸಾ" ಅಂದ.

ಅಳತೆಯ ಜನ ಸಿಗದೆ ನಮ್ಮ ನಾಲೆ ಇನ್ನೂ ಅರ್ಧಕ್ಕೇ ನಿಂತಿತ್ತು. ಅವನಿಗೆ ಅದನ್ನು ಹೇಳಲಿಲ್ಲ. ಪಾಪ, ಮುಂದಿನ ನಾಲೆಗೆ ಜನ ತಯಾರು ಮಾಡುತ್ತಿದ್ದಾನೆ.