ಮಂಗಳವಾರದ ಒನಕೆ

ತೀರಿಕೊಳ್ಳುವ ಹಿಂದಿನ ದಿನವೂ ಎದುರುಮನೆಯ ಟೈಲರ್ ಮಾವ, ಸರಗೂರಿನ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ, ಈರುಳ್ಳಿ ಬೆಲೆ ಏರಲು ಯಾವ ಸರ್ಕಾರ ಕಾರಣ ಎಂದು ವಾದಿಸುತ್ತಿದ್ದರು. ಅವರು ಟೈಪ್ ಮಾಡುತ್ತಿರಲಿಲ್ಲ, ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಹಿನ್ನೆಲೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. "ತಡೀರ್ಲಾ, ನೋಡೇ ಬುಡವ" ಎನ್ನದೆ ಅವರ ವಾದ ಮುಗಿಯುತ್ತಿರಲಿಲ್ಲ.

ಒಮ್ಮೆ, ತಟ್ಟೆಯ ನೀರಿನಲ್ಲಿ ಒನಕೆ ನೆಟ್ಟಗೆ ನಿಲ್ಲುವುದು ಗ್ರಹಣದ ದಿನ ಮಾತ್ರ ಎಂದು ಹಠ ಹಿಡಿದರು. ಯಾವ ದಿನವಾದರೂ ನಿಲ್ಲುತ್ತದೆ ಎಂದೆ ನಾನು.

"ಎಸ್ಸೆಲ್ಸಿ ಓದ್ಬುಟ್ಟು ಗ್ರಹಣಕ್ಕೇ ಪಾಠ ಮಾಡ್ತೀಯೇನವ್ವ?" ಎಂದರು. ಗುಂಪೆಲ್ಲ ನಕ್ಕಿತು.

ಮರುದಿನ ಗ್ರಹಣವಿರಲಿಲ್ಲ, ಬರೀ ಮಂಗಳವಾರ. ಅವರೇ ಗುಂಪಿಗೆ ಫೋಟೊ ಹಾಕಿದರು. ಅಂಗಳದ ತಟ್ಟೆಯಲ್ಲಿ ಒನಕೆ ನಿಂತಿತ್ತು. ಜೊತೆಗೆ ಅವರ ದನಿ: "ಬೆಳಗ್ಗಿಂದ ನಿಲ್ಸಿ ನಿಲ್ಸಿ ಸಾಕಾಯ್ತು ಕಣವ್ವ. ನಿಂತ್ಕಬುಡ್ತು. ನಾನೇ ಸೋತೆ."

ಗುಂಪಿನಲ್ಲಿ ಈಗಲೂ ದಿನವಿಡೀ ವಾದ ನಡೆಯುತ್ತದೆ. ಸೋತೆ ಎನ್ನುವವರು ಇಲ್ಲ.